ಲಾಗ್‌ನಲ್ಲಿ ಬರೀ 0 ಬರುತ್ತಿದೆ ಎಂದ ತಮ್ಮನಿಗೆ

ತಮ್ಮಾ, ಗೋದಾಮಿನ ಉಷ್ಣತೆ, ತೇವ ಅಳೆಯುವ ಸೆನ್ಸರ್ ಕಟ್ಟಿದ್ದೇನೆ, ಓದಿದ್ದನ್ನು ಬರೆದಿಡುವ ಲಾಗ್‌ನಲ್ಲಿ ಬರೀ 0 ಬರುತ್ತಿದೆ ಎಂದು ಕೇಳಿದ್ದೀಯ. ಸೆನ್ಸರ್ ವಾಪಸ್ ಕಳಿಸಬೇಡ. ಮೇಲಿನ ಉತ್ತರಗಳಲ್ಲಿ ಮೂರು ಜನ 'ಡಿಎಚ್‌ಟಿ (ಅದೇ ಆ ಸೆನ್ಸರ್) ಸುಟ್ಟಿದೆ, ಹೊಸದು ತಗೋ' ಎಂದಿದ್ದಾರೆ. ಅದು ಸುಟ್ಟಿಲ್ಲ. ತೊಗರಿ ಗೋದಾಮಿನ ಲಾಗ್‌ನಲ್ಲಿ ಮೊದಲ ಕಾಲಂ ಯಾವಾಗಲೂ 0, ಎರಡನೆಯದರಲ್ಲಿ ಗಂಟೆ, ಉಳಿದದ್ದೆಲ್ಲ ನಿಲ್ (ಏನೂ ಇಲ್ಲ) ಎಂದು ನೀನೇ ಬರೆದಿದ್ದೀಯ. ಆ 0 ಉಷ್ಣತೆ ಅಲ್ಲ. ನೋಡ್‌ಎಂಸಿಯುದಲ್ಲಿ (ಲುವಾ ಭಾಷೆಯ ಕೋಡ್ ಓಡಿಸುವ ನಿನ್ನ ಪುಟ್ಟ ಬೋರ್ಡು) ಡಿಎಚ್‌ಟಿ ಓದಿದರೆ ಐದು ವ್ಯಾಲ್ಯೂ ಬರುತ್ತವೆ. ಮೊದಲು ಸ್ಥಿತಿ, ಆಮೇಲೆ ಉಷ್ಣತೆ, ತೇವ, ಕೊನೆಗೆ ಅವೆರಡರ ದಶಾಂಶ. ಸ್ಥಿತಿ 0 ಅಂದರೆ ಎಲ್ಲ ಬರೋಬ್ಬರಿ ಇದೆ ಅಂತ. ಸೆನ್ಸರ್ ಪಾಪ 'ಆರಾಮ ಇದ್ದೀನಿ' ಅನ್ನುತ್ತಿದೆ.

ತಪ್ಪು ಈ ಸಾಲಿನಲ್ಲಿದೆ, ಹೆಸರುಗಳನ್ನು ಕನ್ನಡದಲ್ಲಿ ಹಾಕಿದ್ದೇನೆ, 4 ಅಂದರೆ ಸೆನ್ಸರ್ ಕಟ್ಟಿದ ಪಿನ್:

ಬರೆ(ಓದು(4), ಗಂಟೆ())

ಲುವಾದಲ್ಲಿ ಪಟ್ಟಿಯ ಕೊನೆಗಿರುವ ಕಾಲ್ (ಫಂಕ್ಷನ್ ಕರೆಯುವುದು) ಮಾತ್ರ ತನ್ನ ಎಲ್ಲ ವ್ಯಾಲ್ಯೂಗಳನ್ನೂ ಒಳಗೆ ಬಿಡುತ್ತದೆ. ಅದರ ನಂತರ ಒಂದು ಕಾಮಾ ಬಿತ್ತೋ, ಮೊದಲನೆಯದೊಂದೇ ಉಳಿಯುತ್ತದೆ. ಬರೆ(ಗಂಟೆ(), ಓದು(4)) ಎಂದು ತಿರುಗಿಸು, ಐದೂ ಬರುತ್ತವೆ. ಗಂಟೆ ಫಂಕ್ಷನ್ ಸೆಕೆಂಡ್ ಜೊತೆ ಮೈಕ್ರೋಸೆಕೆಂಡ್ ಕೊಟ್ಟರೂ ಅದು ಅಲ್ಲೇ ಉದುರಿಹೋಗುತ್ತದೆ. ಇಲ್ಲಿ ನಿನಗೆ ಬೇಕಾದದ್ದೂ ಅದೇ. ಟೇಬಲ್ (ಲುವಾದ ಪಟ್ಟಿ) ತುಂಬುವಾಗಲೂ, ರಿಟರ್ನ್ ಮಾಡುವಾಗಲೂ ಇದೇ ಕಥೆ.

ನಾನು ಇದಕ್ಕೆ ಬಿದ್ದಿದ್ದು ಗಂಜಿನ (ದವಸದ ಮಾರುಕಟ್ಟೆ) ಒಂದು ಅಡತ್ (ದಲಾಲಿ) ಅಂಗಡಿಯ ಲೆಕ್ಕದಲ್ಲಿ. ಶೀಟಿನಲ್ಲಿ ರಕಮು ಕಾಮಾ ಜೊತೆ ಇರುತ್ತಿತ್ತು. ಜಿಸಬ್‌ನಿಂದ (ಸ್ಟ್ರಿಂಗಿನಲ್ಲಿ, ಅಂದರೆ ಅಕ್ಷರಗಳ ಸಾಲಿನಲ್ಲಿ, ಬದಲಾವಣೆ ಮಾಡುವ ಫಂಕ್ಷನ್) ಕಾಮಾ ತೆಗೆದು, ಅದನ್ನೇ ನೇರವಾಗಿ ಟುನಂಬರ್ (ಸ್ಟ್ರಿಂಗನ್ನು ಸಂಖ್ಯೆ ಮಾಡುವ ಫಂಕ್ಷನ್) ಒಳಗೆ ಕೊಟ್ಟೆ. ಪರೀಕ್ಷೆಗೆ 1,00,000 ಹಾಕಿದೆ. ಬಂದದ್ದು 32. ಲಕ್ಷ ರೂಪಾಯಿ ತೊಗರಿಗೆ ಮೂವತ್ತೆರಡು ರೂಪಾಯಿ! 7,500 ಹಾಕಿದರೆ ಎರರ್, 2,50,000 ಹಾಕಿದರೆ ನಿಲ್. ಶೀಟ್ ಮೂರು ಸಲ ಹೊಸದಾಗಿ ತೆಗೆಸಿದೆ, ಮುನೀಮರ ಮೇಲೆ ರೇಗಿದೆ, ರಾತ್ರಿ ಎರಡರವರೆಗೆ ಕೂತೆ. ಜಿಸಬ್ ಎರಡು ವ್ಯಾಲ್ಯೂ ಕೊಡುತ್ತದೆ ಅಲ್ವಾ, ಹೊಸ ಸ್ಟ್ರಿಂಗ್ ಮತ್ತು ಎಷ್ಟು ಕಡೆ ಬದಲಾಯಿಸಿತು ಎಂಬ ಎಣಿಕೆ. ಆ ಎಣಿಕೆ ಟುನಂಬರ್‌ನ ಎರಡನೇ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ವ್ಯಾಲ್ಯೂ) ಆಗಿ ಕೂತಿತ್ತು, ಅಂದರೆ ಬೇಸ್, ಎಷ್ಟು ಅಂಕಿಗಳ ಪದ್ಧತಿಯಲ್ಲಿ ಓದಬೇಕು ಎಂಬುದು. ನಮ್ಮ ಲಕ್ಷದಲ್ಲಿ ಕಾಮಾ ಎರಡು. ಬೇಸ್ 2ರಲ್ಲಿ 100000 ಅಂದರೆ 32. ಅಮೆರಿಕದವರು 100,000 ಎಂದು ಬರೆಯುತ್ತಾರೆ. ಕಾಮಾ ಒಂದೇ, ಬೇಸ್ 1 ನಡೆಯುವುದಿಲ್ಲ, ಕೂಡಲೇ ಎರರ್. ನಮಗಾದರೆ ಸದ್ದಿಲ್ಲದೆ ತಪ್ಪು ಲೆಕ್ಕ. ಮರುದಿನ ಮುನೀಮರಿಗೆ ಚಹಾ ಕುಡಿಸಿದೆ.

ಕಾಲ್‌ಗೆ ಇನ್ನೊಂದು ಜೊತೆ ಆವರಣ ( ) ಸುತ್ತಿದರೆ ಒಂದೇ ವ್ಯಾಲ್ಯೂ ಉಳಿಯುತ್ತದೆ, ಖರೆ. ನಾನೂ ಹಾಕಿದ್ದೆ. ಆರು ತಿಂಗಳ ಮೇಲೆ ನಮ್ಮ ಅಕ್ಕನ ಮಗ 'ಇದು ಸುಮ್ನೆ ಇದೆ' ಎಂದು ಅಳಿಸಿದ, ಮತ್ತೆ 32. ಅವತ್ತಿನಿಂದ ಬಂದ ವ್ಯಾಲ್ಯೂಗಳಿಗೆ ಲೋಕಲ್ ಹೆಸರು (ಕೋಡಿನ ಆ ತುಂಡಿನೊಳಗೆ ಮಾತ್ರ ನಡೆಯುವ ಹೆಸರು) ಕೊಡದೆ ನಾನು ಮುಂದೆ ಹೋಗುವುದಿಲ್ಲ. ನೀನೂ ಹೀಗೆ ಬರೆ:

ಲೋಕಲ್ ಸ್ಥಿತಿ, ಉಷ್ಣ, ತೇವ = ಓದು(4)

ಆಮೇಲೆ ಯಾವುದನ್ನು ಎಲ್ಲಿ ಬೇಕಾದರೂ ಕೊಡು. ಎರಡು ಸೆನ್ಸರ್ ಇದ್ದರಂತೂ ಇದೇ ದಾರಿ. ಸ್ಥಿತಿ 0 ಅಲ್ಲದಿದ್ದರೆ ಲಾಗ್ ಬರೆಯಲೇಬೇಡ, ಅದನ್ನು ನೀನು ಈಗ ನೋಡುತ್ತಲೇ ಇಲ್ಲ.

ಟೇಬಲ್‌ಗೆ ತುಂಬಿ ಅನ್‌ಪ್ಯಾಕ್ ಮಾಡು (ಮತ್ತೆ ಬಿಡಿ ವ್ಯಾಲ್ಯೂಗಳಾಗಿ ತೆಗೆ) ಎಂದೂ ಯಾರೋ ಹೇಳಿದ್ದಾರೆ. ಆಗುತ್ತದೆ, ಆದರೆ ನಡುವೆ ನಿಲ್ ಇದ್ದರೆ # (ಟೇಬಲ್‌ನ ಉದ್ದ ಹೇಳುವ ಗುರುತು) ಕೊಡುವ ಎಣಿಕೆ ನಂಬಬೇಡ. ವ್ಯಾಲ್ಯೂಗಳನ್ನು ಟೇಬಲ್‌ಗೆ ತುಂಬುವ ಟೇಬಲ್ ಪ್ಯಾಕ್ ಫಂಕ್ಷನ್ ಕೊಡುವ ಎಣಿಕೆ, ಎನ್, ಬಳಸು. ಲುವಾ 5.1ರಲ್ಲಿ ಪ್ಯಾಕ್ ಇಲ್ಲ, ಅನ್‌ಪ್ಯಾಕ್ ಗ್ಲೋಬಲ್ ಆಗಿದೆ (ಯಾವ ಲೈಬ್ರರಿಯ ಹೆಸರೂ ಬೇಡ). 5.2ರಿಂದ ಎರಡೂ ಟೇಬಲ್ ಲೈಬ್ರರಿಯಲ್ಲಿವೆ. ಲುವಾಜಿಟ್ (ಲುವಾವನ್ನು ವೇಗವಾಗಿ ಓಡಿಸುವ ಇನ್ನೊಂದು ರೂಪ) 5.1ರ ಕಡೆಯದು. ನೆಟ್‌ನಿಂದ ಕೋಡ್ ಎತ್ತುವ ಮೊದಲು ನಿನ್ನ ಬೋರ್ಡಿನ ವರ್ಷನ್ ನೋಡು.

ಇನ್ನೊಂದು. ಫೋಟೋದಲ್ಲಿ ಕಂಡದ್ದು ನೀಲಿ ಡಿಎಚ್‌ಟಿ11. ಅದರ ಅಳತೆ 50 ಡಿಗ್ರಿಗೆ ಮುಗಿಯುತ್ತದೆ, ಎರಡು ಡಿಗ್ರಿ ಆಚೀಚೆಯೂ ಹೇಳುತ್ತದೆ. ಮೇ ತಿಂಗಳಲ್ಲಿ ನಮ್ಮ ಕಲಬುರಗಿಯ ತಗಡಿನ ಕೆಳಗೆ ಅದನ್ನು ಕಟ್ಟಿ ಏನು ಅಳೆಯುತ್ತೀಯ? ಸ್ವಲ್ಪ ಜಾಸ್ತಿ ಕೊಟ್ಟು ಬಿಳಿ ಡಿಎಚ್‌ಟಿ22 ತಗೋ. ಎರಡು ಸೆಕೆಂಡಿಗಿಂತ ಬೇಗ ಬೇಗ ಓದಬೇಡ.

ಮತ್ತೆ ಕೋಡನ್ನು ಟೈಪ್ ಮಾಡಿ ಹಾಕು. ಫೋನ್ ಅಡ್ಡ ಹಿಡಿದು ತೆಗೆದ ಫೋಟೋದಲ್ಲಿ ಕಾಮಾ ಯಾವುದು, ಚುಕ್ಕೆ ಯಾವುದು ಎಂದು ಕನ್ನಡಕ ಹಾಕಿಕೊಂಡರೂ ತಿಳಿಯಲಿಲ್ಲ.