ಬೇಜಾರಲ್ಲ, ಬೇರೇನೋ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮಕ್ಕಳು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದರೆ ಮೊದಲು ಹೇಳುವ ಮಾತು ಒಂದೇ: "ಬೇಜಾರು ಮೇಡಂ." ಬಸ್ಸು ತಪ್ಪಿದರೂ ಬೇಜಾರು, ಹೆತ್ತ ತಾಯಿ ಗುರುತು ಹಿಡಿಯದಿದ್ದರೂ ಬೇಜಾರು. ಪಾಪ, ಆ ಒಂದು ಪದ ಎಷ್ಟು ಅಂತ ಹೊರಬೇಕು!

ಹಾಗೆ ಬಂದ ಮಗಳೊಬ್ಬರಿಗೆ 45ರ ಆಸುಪಾಸು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.) ಅಮ್ಮನಿಗೆ ಅಲ್ಜೈಮರ್ಸ್. ಅಣ್ಣ ದೂರದಲ್ಲಿದ್ದಾರೆ, ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಾರೆ. ಮೊದಲ ಮೂರು ಭೇಟಿ ನಿದ್ದೆ, ಮಾತ್ರೆ, ಆಯಾ ಸಿಗದ ತೊಂದರೆಯಲ್ಲೇ ಮುಗಿದವು.

ನಾಲ್ಕನೇ ಸಲ ಹೇಳಿದರು. ಭಾನುವಾರ ಅಮ್ಮನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರಂತೆ. ಅಮ್ಮ ಹಿಂದಕ್ಕೆ ತಿರುಗಿ, "ಯಾರ ಮಗಳಮ್ಮ ನೀನು? ಎಷ್ಟು ಮೆತ್ತಗೆ ಬಾಚ್ತೀಯ! ನಿನ್ನ ಹೆತ್ತವಳು ಪುಣ್ಯ ಮಾಡಿದ್ಲು" ಅಂದರಂತೆ.

"ಖುಷಿ ಆಯ್ತು ಮೇಡಂ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ಅಮ್ಮ ಬದುಕಿರುವಾಗಲೇ ಹೀಗೆ ಅಳೋದು ಕೆಟ್ಟದ್ದಲ್ವಾ?"

ಇದಕ್ಕೊಂದು ಹೆಸರಿದೆ, ಇಂಗ್ಲಿಷಿನಲ್ಲಿ 'ಆಂಬಿಗ್ಯುಯಸ್ ಲಾಸ್'. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಮನೆಯವರನ್ನು ಮಾತಾಡಿಸುತ್ತಾ ಕಂಡುಕೊಂಡ, ಇದ್ದಾರೋ ಇಲ್ಲವೋ ಎನ್ನಲಾಗದ ನೋವು ಅದು. ಆಮೇಲೆ ಮರೆವಿನ ಕಾಯಿಲೆಯ ಮನೆಗಳಿಗೂ ಹೊಂದಿತು. 'ಅಸ್ಪಷ್ಟ ನಷ್ಟ' ಅಂತ ಕನ್ನಡ ಮಾಡಿ ಹೇಳಿದೆ. "ಬ್ಯಾಂಕಿನವರ ಲೆಕ್ಕದ ಹಾಗಿದೆ" ಎಂದು ನಕ್ಕುಬಿಟ್ಟರು. ನಿಜವೇ. ಹಾಗಾದರೆ ನೀವೇ ಒಂದು ಪದ ಕಟ್ಟಿ ಅಂದೆ.

ಸ್ವಲ್ಪ ಹೊತ್ತು ಸುಮ್ನೆ ಕೂತರು. "ಪೇಪರಲ್ಲಿ 'ನಮ್ಮನ್ನಗಲಿದ' ಅಂತ ಫೋಟೊ ಹಾಕಿಸ್ತಾರಲ್ಲ. ನಮ್ಮಮ್ಮ ಇದ್ದುಕೊಂಡೇ ಅಗಲ್ತಿದ್ದಾಳೆ." ಆಮೇಲೆ ಮೆಲ್ಲಗೆ, "ಇದ್ದಗಲಿಕೆ."

ಇದೆಲ್ಲ ಪದದಾಟ ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಗೇಲಿ ಮಾಡುತ್ತಾರೆ. ಮಾಡಲಿ. ಪದದಿಂದ ಕಾಯಿಲೆ ವಾಸಿಯಾಗುತ್ತೆ ಅಂತ ನಾನೆಲ್ಲೂ ಹೇಳಿಲ್ಲ. ಆದರೆ ಬೇಜಾರು ಅಂದರೆ ಮನೆಯವರು "ದೇವಸ್ಥಾನಕ್ಕೆ ಹೋಗಿ ಬಾ" ಅನ್ನುತ್ತಾರೆ, ಅಲ್ಲಿಗೆ ಮುಗೀತು. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ "ಹಾಗಂದ್ರೇನು?" ಅಂತ ಕೇಳಲೇಬೇಕು. ನನಗೆ ಬೇಕಿದ್ದದ್ದು ಆ ಪ್ರಶ್ನೆ.

ಅಳು ಬಂದರೆ ಅಳಿ, ಅಮ್ಮನ ಸಾವು ಬಯಸಿದ ಹಾಗಲ್ಲ ಅದು ಅಂದೆ. ವಾರಕ್ಕೆ ಅರ್ಧ ದಿನವಾದರೂ ಅಮ್ಮನನ್ನು ಬೇರೆಯವರಿಗೆ ಒಪ್ಪಿಸಿ ಅಂದೆ. ಬದುಕೇ ಬೇಡ ಅನ್ನಿಸಿದ ದಿನ ಪದ ಹುಡುಕುತ್ತಾ ಕೂರಬೇಡಿ, ನೇರ ಮನೋವೈದ್ಯರ ಹತ್ತಿರ ಹೋಗಿ ಅಂತಲೂ ಹೇಳಿದೆ. ಆ ಪದವನ್ನು ಅಣ್ಣನಿಗೆ ಹೇಳುವುದು ನಾನು ಕೊಟ್ಟ ಹೋಂವರ್ಕ್.

ಫೋನಿನಲ್ಲಿ ಅಣ್ಣ "ಹಾಗಂದ್ರೇನೇ?" ಅಂದರಂತೆ. ಎಣ್ಣೆ ಹಚ್ಚಿದ ಕಥೆ ಪೂರ್ತಿ ಕೇಳಿಸಿಕೊಂಡರಂತೆ. ಈಗ ಎರಡನೇ ಭಾನುವಾರ ಅವರೇ ಬರುತ್ತಾರೆ, ಬಾಚುವುದೂ ಅವರೇ. "ಕೂದಲು ಕೀಳಬೇಡ್ವೋ" ಅಂತ ಅಮ್ಮ ಬೈತಾರಂತೆ.