ಮಗ ನಡೀತಾನೆ ಬಿಡಿ, ಮಗಳನ್ನು ನೋಡಿ

ನಿಮ್ಮ ಪತ್ರ ನಾಲ್ಕು ಪುಟ ಇದೆ. ಹೆಚ್ಚುಕಮ್ಮಿ ಎಲ್ಲವೂ 14 ತಿಂಗಳ ಮಗನದ್ದೇ. ಅವನಿನ್ನೂ ನಡೆದಿಲ್ಲ, ಓರಗಿತ್ತಿಯ ಮಗು ಹತ್ತು ತಿಂಗಳಿಗೇ ನಡೆಯಿತು, ಅತ್ತೆ ದಿನಾ ಅದನ್ನೇ ಎತ್ತಿ ಆಡುತ್ತಾರೆ, ನಿಮಗೆ ನಿದ್ದೆ ಬರುತ್ತಿಲ್ಲ. ಕೊನೆಗೆ ಎರಡು ಸಾಲು: "ಹತ್ತು ವರ್ಷದ ಮಗಳದ್ದೇನೂ ಯೋಚನೆಯಿಲ್ಲ. ಈಚೆಗೆ ಸೆಕೆಯಲ್ಲೂ ಸ್ವೆಟರ್ ಬಿಚ್ಚುವುದಿಲ್ಲ, ಬೆನ್ನು ಬಾಗಿಸಿ ನಡೆಯುತ್ತಾಳೆ, ಅವಳಪ್ಪ ಗೂನಜ್ಜಿ ಅಂತ ತಮಾಷೆ ಮಾಡುತ್ತಾರೆ."

ಮಗನ ವಿಷಯ ಬೇಗ ಮುಗಿಸೋಣ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ ಆರೋಗ್ಯವಾಗಿರುವ ಮಕ್ಕಳು ತಾವಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳೊಳಗೆ. ನಿಮ್ಮವನು ಮಂಚ ಹಿಡಿದು ಸುತ್ತುತ್ತಾನೆ ಎಂದು ನೀವೇ ಬರೆದಿದ್ದೀರಿ. 18 ತುಂಬಿದರೂ ನಡೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ನಡೆಯಲಿ ಅಂತ ಅವನನ್ನು ಕೂರಿಸುವ ಆ ಚಕ್ರದ ವಾಕರ್ ಮಾತ್ರ ಇವತ್ತೇ ಆಚೆ ಹಾಕಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳಿ ಪೆಟ್ಟಾಗುವುದು ಜಾಸ್ತಿ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ಇದನ್ನು ಎಷ್ಟು ಸಲ ಬರೆದರೂ ನನಗೆ ಬೇಜಾರಿಲ್ಲ.

ಈಗ ಮಗಳು. ಹುಡುಗಿಯರ ಮೈ ಬದಲಾಗಲು ಶುರುವಾಗುವುದು ಸಾಮಾನ್ಯವಾಗಿ 8ರಿಂದ 13ರ ವಯಸ್ಸಿನಲ್ಲಿ. ಹೆಚ್ಚಿನವರಲ್ಲಿ ಮೊದಲು ಕಾಣುವುದು ಮುಟ್ಟಲ್ಲ, ಎದೆ. ತೊಟ್ಟಿನ ಕೆಳಗೆ ಚಿಕ್ಕ ಗಂಟು ಬರುತ್ತದೆ, ಒತ್ತಿದರೆ ನೋವು. ಎಷ್ಟೋ ಸಲ ಒಂದೇ ಕಡೆ ಮೊದಲು ಬಂದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗುತ್ತದೆ. ಇದು ಸಹಜ ಅಂತ ಯಾರೂ ಹೇಳದಿದ್ದರೆ ಆ ಹುಡುಗಿ ಏನಂದುಕೊಳ್ಳಬೇಕು? ತನಗೇನೋ ಕಾಯಿಲೆ ಅಂತ ಒಬ್ಬಳೇ ಹೆದರಿ ಕೂತಿರಬಹುದು. ಆ ಸ್ವೆಟರು, ಆ ಬಾಗಿದ ಬೆನ್ನು ಇದನ್ನೇ ಮುಚ್ಚಿಡಲಿಕ್ಕೆ ಅಂತ ನನ್ನ ಊಹೆ.

ಅತ್ತೆಯ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಸಿಟ್ಟು ಇರುವುದು ನಿಮ್ಮ ಯಜಮಾನರ ಮೇಲೆ. ಮೈ ಬದಲಾಗುವ ವಯಸ್ಸಿನ ಮಕ್ಕಳ ಮೈ ಬಗ್ಗೆ ಮನೆಯಲ್ಲಿ ಯಾರೂ ತಮಾಷೆ ಮಾಡಬಾರದು, ಅಪ್ಪನಂತೂ ಮಾಡಲೇಬಾರದು. ಓರಗಿತ್ತಿಯ ಮಗುವಿನ ಮಾತಿಗೇ ನಿಮಗೆ ನಿದ್ದೆ ಹೋಗಿದೆ. ಮಗಳಿಗೆ ಗೂನಜ್ಜಿ ಅನ್ನುವುದು ನಾಟುವುದಿಲ್ವಾ? ನಿಲ್ಲಿಸಿ ಅಂತ ಅವರಿಗೆ ನೇರವಾಗಿ ಹೇಳಿ.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ಮಗನನ್ನು ಯಜಮಾನರ ಕೈಗೆ ಕೊಟ್ಟು ಮಗಳ ಪಕ್ಕ ಮಲಗಿ. "ನಿನ್ನ ವಯಸ್ಸಲ್ಲಿ ನನಗೂ ಎದೆ ನೋಯ್ತಿತ್ತು ಕಣೇ" ಅಂತ ಮಾತು ತೆಗೆಯಿರಿ. ಮುಟ್ಟಿನ ಬಗ್ಗೆಯೂ ಆಗಲೇ ಹೇಳಿಬಿಡಿ. ಎದೆ ಬೆಳೆಯಲು ಶುರುವಾಗಿ ಎರಡು, ಎರಡೂವರೆ ವರ್ಷಕ್ಕೆ ಅದು ಬರುವುದು ಸಾಮಾನ್ಯ, ಕೆಲವರಿಗೆ ಇನ್ನೂ ಬೇಗ. ಅವಳು ಏನೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿದರೂ ನೀವು ಹೇಳುವುದನ್ನು ನಿಲ್ಲಿಸಬೇಡಿ.