ಬಾಲದ ಕೋನ ಎಲ್ಲಿಂದ ಅಳೆಯಬೇಕು?

ಬೈಪ್ಲೇನ್ (ಮೇಲೊಂದು ಕೆಳಗೊಂದು ರೆಕ್ಕೆಯ ವಿಮಾನ) ಬಿಚ್ಚುವಾಗ ಸ್ಟೆಬಿಲೈಜರ್ (ಬಾಲದ ಅಡ್ಡ ರೆಕ್ಕೆ) ಕೆಳಗೆ ಸಿಕ್ಕ ವಾಷರ್‌ಗಳನ್ನು ಹಾಗೇ ವಾಪಸ್ ಹಾಕಬಹುದೇ ಅಂತ ಕೇಳಿದ್ದೀರಿ. ಕಣ್ಣುಮುಚ್ಚಿ ಹಾಕಬೇಡಿ, ಎಸೆಯಲೂಬೇಡಿ. ಬಾಲದ ಕೋನ ಹೊಂದಿಸಲು ಹಾಕಿದ್ದಿರಬಹುದು, ದಪ್ಪ ಅಳೆದು ಬರೆದಿಡಿ. ಡ್ರಾಯಿಂಗ್‌ನಲ್ಲಿರುವ ಆಧಾರರೇಖೆಯನ್ನು (ಹೆಚ್ಚಾಗಿ ಮೇಲಿನ ಲಾಂಜರಾನ್, ಅಂದರೆ ವಿಮಾನದ ಒಡಲಿನುದ್ದಕ್ಕೂ ಹೋಗುವ ಕಂಬಿ) ಉದ್ದಕ್ಕೂ ಅಡ್ಡಕ್ಕೂ ಮಟ್ಟ ಮಾಡಿ, ಡಿಜಿಟಲ್ ಲೆವೆಲ್ ಅಲ್ಲೇ ಸೊನ್ನೆಗೆ ತನ್ನಿ. ರೆಕ್ಕೆಯ ಕೋನ, ಬಾಲದ ಕೋನ ಎರಡೂ ಅದರಿಂದಲೇ. ಸ್ಟೆಬಿಲೈಜರ್‌ನ ಎರಡೂ ತುದಿಯಿಂದ ಮುಂದಿನ ಮಧ್ಯರೇಖೆಯ ಒಂದೇ ಬಿಂದುವಿಗೆ ಟೇಪ್ ಹಿಡಿದರೆ ಅಳತೆ ಸಮ ಬರಬೇಕು. ಬಾಲವನ್ನು ಬಿಗಿಹಿಡಿಯುವ ವೈರ್‌ಗಳನ್ನು ಎಡ, ಬಲ ಸ್ವಲ್ಪಸ್ವಲ್ಪವೇ ಬಿಗಿಸಿ, ಪ್ರತಿ ಸಲ ಮತ್ತೆ ಅಳೆಯಿರಿ. ಅವಸರ ಮಾಡಿ ನಾನೊಮ್ಮೆ ಪೂರ್ತಿ ಬಿಚ್ಚಬೇಕಾಯ್ತು! ಫಿನ್ (ಬಾಲದ ಮೇಲೆ ನೆಟ್ಟಗೆ ನಿಲ್ಲುವ ಫಲಕ) ನೇರಕ್ಕಿಲ್ಲವೆಂದು ಗಾಬರಿ ಬೇಡ, ಕೆಲವು ವಿನ್ಯಾಸಗಳಲ್ಲಿ ಬೇಕಂತಲೇ ತುಸು ಓರೆ ಇರುತ್ತೆ. ತೂಕದ ಲೆಕ್ಕ ಸರಿಯಿದ್ದೂ ಹಾರಾಟದಲ್ಲಿ ಸ್ಟಿಕ್ (ಪೈಲಟ್ ಹಿಡಿಯುವ ನಿಯಂತ್ರಣ ಕೋಲು) ಸದಾ ಮುಂದಕ್ಕೆ ಒತ್ತಬೇಕಾದರೆ, ಆಗ ಡ್ರಾಯಿಂಗ್‌ನ ಮಿತಿಯೊಳಗೆ ಸ್ಟೆಬಿಲೈಜರ್ ಮುಂದಂಚನ್ನು ಎತ್ತಿ.